ಎಫ್4 ಮನೆಯ ಆಟ: ಸ್ಪಾಸ್ಕಿ–ಫಿಶರ್, 1960

ಚೆಸ್‌ನಲ್ಲಿ ಕಿಂಗ್ಸ್ ಗ್ಯಾಂಬಿಟ್ (ಶುರುವಿನಲ್ಲೇ ಕಾಲಾಳು ಬಲಿ ಕೊಡುವ ಒಂದು ಆರಂಭ) ಕಲಿಯುತ್ತಿರುವವರು ಬೋರ್ಡ್ ಎದುರಿಗಿಟ್ಟುಕೊಂಡು ಇದನ್ನು ಓದಿ. ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾ ಟೂರ್ನಿ. ಬಿಳಿ ಬೋರಿಸ್ ಸ್ಪಾಸ್ಕಿ, 23 ವರ್ಷ. ಕಪ್ಪು ಬಾಬಿ ಫಿಶರ್, 17. ಕೊನೆಗೆ ಇಬ್ಬರೂ 15 ಆಟಗಳಿಗೆ 13.5 ಅಂಕ ಗಳಿಸಿ ಮೊದಲ ಸ್ಥಾನ ಹಂಚಿಕೊಂಡರು, ಫಿಶರ್ ಅಲ್ಲಿ ಸೋತದ್ದು ಈ ಆಟ ಮಾತ್ರ.

1.ಇ4 ಇ5 2.ಎಫ್4. ಎರಡನೇ ನಡೆಗೇ ಬಿಳಿ ಕಾಲಾಳು ಕೊಡುತ್ತಾನೆ, ಅದೂ ತನ್ನ ರಾಜನ ಪಕ್ಕದ್ದು. ಕಪ್ಪು ಹೊಡೆಯುತ್ತಾನೆ. 3.ಕುದುರೆ ಎಫ್3, ಜಿ5. ಈಗ 4.ಎಚ್4. ಇಷ್ಟು ಅವಸರ ಯಾಕೆ ಅಂದರೆ, ಕಪ್ಪಿಗೆ ಸ್ವಲ್ಪ ಬಿಡುವು ಕೊಟ್ಟರೆ ಒಂಟೆಯನ್ನು ಜಿ7ಕ್ಕೆ ತಂದು, ಎಚ್6 ಆಡಿ, ಕಾಲಾಳುಗಳ ಸಾಲನ್ನು ಗಟ್ಟಿ ಮಾಡಿಕೊಳ್ಳುತ್ತಾನೆ. ಈಗಲೇ ಎಚ್6 ಆಡಿದರೆ? ಬಿಳಿ ಜಿ5 ಹೊಡೆಯುತ್ತಾನೆ, ಕಪ್ಪು ತಿರುಗಿ ಹೊಡೆದರೆ ಎಚ್8ರ ಆನೆ ಹೋಯಿತು. ಹಾಗಾಗಿ ಕಪ್ಪು 4...ಜಿ4, ಬಿಳಿ 5.ಕುದುರೆ ಇ5. ಕಿಂಗ್ಸ್ ಗ್ಯಾಂಬಿಟ್‌ನ ಈ ಕವಲೇ ಕೀಸರಿಟ್ಸ್ಕಿ ಗ್ಯಾಂಬಿಟ್.

ನಡುವಿನ ನಡೆಗಳನ್ನು ನೀವೇ ಆಡಿ ನೋಡಿ. 22ನೇ ನಡೆಯಲ್ಲಿ ಸ್ಪಾಸ್ಕಿಯ ಆನೆ ಎಫ್5ರ ಕಾಲಾಳನ್ನು ಹೊಡೆಯುತ್ತದೆ, ಫಿಶರ್‌ನ ರಾಣಿ ಎಚ್4ರ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತದೆ. ನಾಲ್ಕನೇ ನಡೆಯ ಅವಸರಕ್ಕೆ ಬಿಳಿ ತೆತ್ತ ಬೆಲೆ ಇದು. ಕಪ್ಪು ಒಂದು ಕಾಲಾಳು ಮುಂದೆ!

ನನಗೆ ಜಾಸ್ತಿ ಇಷ್ಟವಾಗುವುದು ಕೊನೆಯ ಎರಡು ನಡೆ. ಕಪ್ಪು ಒಂಟೆ ಇ7ರಲ್ಲಿ. ಇ5ರಲ್ಲಿ ಬಿಳಿ ಆನೆ ಅದನ್ನೂ ಜಿ5ರ ರಾಣಿಯನ್ನೂ ಒಟ್ಟಿಗೆ ಗುರಿ ಮಾಡಿದೆ. 28.ರಾಣಿ ಇ4, ಅಂದರೆ ಆನೆಯ ಹಿಂದೆ ರಾಣಿ ಬಂದು ನಿಂತಿತು. ಈಗ ಕಪ್ಪು ಒಂಟೆಗೆ ಜಿ7ರ ಕಪ್ಪು ಆನೆಯೊಂದರ ಕಾವಲು ಸಾಲದು, ರಾಣಿಯೂ ಬೇಕು. ಫಿಶರ್ ರಾಣಿಯನ್ನು ಎಚ್4ಕ್ಕೆ ಇಡುತ್ತಾನೆ: ಒಂಟೆಗೆ ಕಾವಲಾಯಿತು, ರಾಣಿಗೆ ರಾಣಿ ಬದಲಾಯಿಸೋಣ ಅಂತ ಕರೆದಂತೆಯೂ ಆಯಿತು. ಚೆನ್ನಾಗಿದೆ ಅಲ್ವಾ? ಆಗ 29.ಆನೆ ಎಫ್4, ಎಫ್5 ಹೊಡೆದಿದ್ದ ಅದೇ ಆನೆ. ಎರಡು ರಾಣಿಗಳ ನಡುವಿನ ದಾರಿ ಮುಚ್ಚಿತು, ಕಪ್ಪು ರಾಣಿ ಏಟಿಗೆ ಸಿಕ್ಕಿತು. ಒಂಟೆಯನ್ನು ಕಾಯಬಲ್ಲ ಬೇರೆ ಮನೆಗಳು ಎರಡೇ. ಜಿ5ಕ್ಕೆ ಹೋದರೆ ಒಂದು ಆನೆ ಹೊಡೆಯುತ್ತದೆ, ಎಫ್6ಕ್ಕೆ ಹೋದರೆ ಇನ್ನೊಂದು. ಫಿಶರ್ ಸೋಲೊಪ್ಪಿಕೊಂಡ.

ಆ ಆನೆ ನಿಂತ ಮನೆ ನೋಡಿ. ಎರಡನೇ ನಡೆಯಲ್ಲಿ ಕಾಲಾಳು ಕೊಟ್ಟದ್ದೂ ಅಲ್ಲೇ. ಆ ಸಾಲು ತೆರೆದಿರದಿದ್ದರೆ ಆನೆಗೆ ಎಫ್5ಕ್ಕಾಗಲಿ, ಎಫ್4ಕ್ಕಾಗಲಿ ದಾರಿಯೇ ಇರುತ್ತಿರಲಿಲ್ಲ.

1961ರಲ್ಲಿ ಫಿಶರ್ ಕಿಂಗ್ಸ್ ಗ್ಯಾಂಬಿಟ್ ಸೋಲುವ ಆರಂಭ ಅಂತ ಲೇಖನ ಬರೆದು, ಕಪ್ಪು ಮೂರನೇ ನಡೆಗೆ ಡಿ6 ಆಡಲಿ ಎಂದ. ಮುಂದಿನ ಸಲ ಅದನ್ನೇ ಬೋರ್ಡಿನ ಮೇಲಿಟ್ಟು ನೋಡೋಣ.