ಕಫ ಕೇಳಿದರೆ ಎಂಜಲು ತರುವವರು

ಎರಡು ವಾರ ದಾಟಿದ ಕೆಮ್ಮಿದ್ದರೆ ಕ್ಷಯವೇ ಎಂದು ತಿಳಿಯಲು ಕಫ ಪರೀಕ್ಷೆ ಮಾಡಿಸಬೇಕು ಎಂಬುದು ಈಗ ಊರಿಗೆಲ್ಲ ಗೊತ್ತು. ಡಬ್ಬಿಯೊಳಗೆ ಏನು ಬೀಳಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಕಫ ತನ್ನಿ ಎಂದು ಕಳುಹಿಸಿದರೆ ಎಂಜಲು ತರುತ್ತಾರೆ. ನೀರಿನಂತೆ, ನೊರೆನೊರೆಯಾಗಿ, ಕೆಲವೊಮ್ಮೆ ಎಲೆಯಡಿಕೆಯ ಕೆಂಪು ಬೆರೆತು.

ಎಂಜಲು ಬಾಯಿಯದು, ಕಫ ಎದೆಯದು. ಕ್ಷಯದ ಕ್ರಿಮಿ ಮನೆ ಮಾಡಿರುವುದು ಶ್ವಾಸಕೋಶದಲ್ಲಿ. ಕಫದಲ್ಲಿ ಆ ಕ್ರಿಮಿಯನ್ನು ಪತ್ತೆ ಹಚ್ಚುವ ಟ್ರೂನ್ಯಾಟ್ ಯಂತ್ರ ಎಷ್ಟೇ ಚುರುಕಾಗಿದ್ದರೂ ಡಬ್ಬಿಯಲ್ಲಿ ಇಲ್ಲದ್ದನ್ನು ಹುಡುಕಿ ಕೊಡಲಾರದು. ವರದಿ ನೆಗೆಟಿವ್ ಬರುತ್ತದೆ, ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ, ಕೆಮ್ಮು ಮನೆಯಲ್ಲೇ ಉಳಿಯುತ್ತದೆ.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ. ಬೆಳಿಗ್ಗೆ ಎದ್ದೊಡನೆ, ಕಾಫಿ ತಿಂಡಿಗೆ ಮೊದಲು, ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಮನೆಯೊಳಗೆ ಬೇಡ, ಹಿತ್ತಿಲಿಗೆ ಹೋಗಿ. ಹತ್ತಿರ ಯಾರೂ ಇರಬಾರದು. ಉಸಿರನ್ನು ಆಳವಾಗಿ ಎಳೆದು, ಕ್ಷಣ ಹೊತ್ತು ಹಿಡಿದು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ, ಆಮೇಲೆ ಹೊಟ್ಟೆಯಿಂದ ಕೆಮ್ಮಿ. ಗಂಟಲು ಕ್ಯಾಕರಿಸಿದರೆ ಸಾಲದು. ಮೂಗಿನಿಂದ ಹಿಂದಕ್ಕೆಳೆದ ಸಿಂಬಳವೂ ಕಫವಲ್ಲ. ಅಂಟಂಟಾಗಿ, ಗಟ್ಟಿಯಾಗಿ ಬಂದದ್ದು 2ರಿಂದ 5 ಮಿಲಿ ಲೀಟರ್ ಇದ್ದರೆ ಸಾಕು. ಸುಮಾರು ಒಂದು ಟೀ ಚಮಚ ಎನ್ನಿ. ಡಬ್ಬಿ ತುಂಬಿಸಿದವರಿಗೆ ಬಹುಮಾನವೇನೂ ಇಲ್ಲ. ಮುಚ್ಚಳ ಬಿಗಿಯಾಗಿ ತಿರುಗಿಸಿ ಅಂದೇ ತನ್ನಿ.

ಸರಿಯಾದ ಕಫ ಕೊಟ್ಟು ನೆಗೆಟಿವ್ ಬಂದರೂ ಕೆಮ್ಮು ನಿಲ್ಲದಿದ್ದರೆ ಎಕ್ಸ್‌ರೇ ಬೇಕಾಗಬಹುದು. ಅಸ್ತಮಾ ಇರಬಹುದು, ಒಲೆಯ ಹೊಗೆಯೋ ಬೀಡಿಯೋ ತಂದಿಟ್ಟ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರಬಹುದು. ಅದನ್ನು ವೈದ್ಯರು ನೋಡಿ ಹೇಳಬೇಕು, ನಾನಲ್ಲ.

ಒಬ್ಬ ಅಜ್ಜ ಎರಡು ಸಲವೂ ಎಂಜಲನ್ನೇ ತಂದರು. ಮೂರನೆಯ ಸಲ ಗದರಿದೆ. "ಸೊಸೆಯ ಮುಂದೆ ಕ್ಯಾಕರಿಸುವುದು ಹೇಗೆ, ಸಿಸ್ಟರಮ್ಮ?" ಎಂದರು. ತಿಳಿವಳಿಕೆ ಇಲ್ಲದವರು ಎಂದು ಅಷ್ಟು ದಿನ ಗೊಣಗಿದ್ದೆ; ಅವರಿಗಿದ್ದದ್ದು ಸಂಕೋಚ. ಆಸ್ಪತ್ರೆಯ ಹಿಂದಿನ ಬೇವಿನ ಮರದಡಿ ಕರೆದೊಯ್ದು, ಮಾಸ್ಕ್ ಹಾಕಿಕೊಂಡು, ಗಾಳಿ ನನ್ನ ಬೆನ್ನ ಕಡೆಯಿಂದ ಬೀಸುವಂತೆ ದೂರ ನಿಂತೆ. ಹತ್ತು ನಿಮಿಷ ಹಿಡಿಯಿತು. ವರದಿ ಪಾಸಿಟಿವ್.

ಮಾತ್ರೆ ಶುರುವಾದ ವಾರವೇ ಮೂತ್ರ ಕೆಂಪಾಯಿತೆಂದು ಗಾಬರಿಯಿಂದ ಬಂದರು. ಅದು ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಔಷಧದ ಬಣ್ಣ, ಹೆದರಬೇಕಿಲ್ಲ. ಎರಡು ತಿಂಗಳು ತುಂಬಿದಾಗ ಮರುಪರೀಕ್ಷೆಗೆ ಮತ್ತೆ ಕಫ ಕೇಳಿದೆ. ಅದೇ ಮರದಡಿ ಎಷ್ಟು ಕೆಮ್ಮಿದರೂ ಏನೂ ಬರಲಿಲ್ಲ. "ಎಂಜಲೇ ಇರುವುದಮ್ಮ" ಎಂದು ತಪ್ಪು ಮಾಡಿದವರಂತೆ ಡಬ್ಬಿ ಚಾಚಿದರು. ಅಂದು ಗದರಲಿಲ್ಲ. ಆರು ತಿಂಗಳು ಮಾತ್ರೆ ತಪ್ಪಿಸಬೇಡಿ ಎಂದಷ್ಟೇ ಹೇಳಿ ವೈದ್ಯರ ಬಳಿಗೆ ಕಳುಹಿಸಿದೆ.