ಶಾಲೆ ಊಟಕ್ಕೆ ಊರಿನ ತರಕಾರಿ ತರ್ಲಿಕ್ಕೆ ಗ್ರಾಂಟ್ ಉಂಟಾ?

"ನಮ್ಮ ಮಕ್ಳ ಶಾಲೆಯ ಮಧ್ಯಾಹ್ನದೂಟಕ್ಕೆ ಪೇಟೆಯಿಂದ ತರಕಾರಿ ಬರ್ತದೆ, ಸುತ್ತಮುತ್ತ ಎಲ್ರ ಮನೇಲೂ ಅಲಸಂಡೆ, ಸೌತೆ, ಬಸಳೆ ಬೆಳೀತಾರೆ, ಊರಿದ್ದೇ ಹಾಕ್ಲಿಕ್ಕೆ ಸರ್ಕಾರದ ಗ್ರಾಂಟ್ ಏನಾದ್ರೂ ಸಿಗ್ತದಾ, ಅರ್ಜಿ ಎಲ್ಲಿ ಕೊಡುದು?"

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆ ಪಿಟಿಎ (ಹೆತ್ತವರ, ಅಧ್ಯಾಪಕರ ಸಂಘ) ಮೀಟಿಂಗಿನ ಚಾ ಕುಡಿಯುವ ಹೊತ್ತಲ್ಲಿ ಯಾರಾದ್ರೂ ಒಬ್ರು ಇದನ್ನ ಕೇಳಿಯೇ ಕೇಳ್ತಾರೆ.

ಅದಕ್ಕೇ ಅಂತ ಗ್ರಾಂಟ್ ನಮ್ಮಲ್ಲಿ ಇಲ್ಲ ಮಾರಾಯ್ರೆ. ಅಮೆರಿಕದಲ್ಲಿ ಊರಿನ ಬೆಳೆಯನ್ನ ಶಾಲೆಗೆ ಮುಟ್ಟಿಸ್ಲಿಕ್ಕೇ ಅಂತ ಬೇರೆ ಗ್ರಾಂಟ್ ಉಂಟು, ಬ್ರೆಜಿಲ್ಲಲ್ಲಿ ಇನ್ನೂ ಗಟ್ಟಿ, ಶಾಲೆ ಊಟಕ್ಕೆ ಕೇಂದ್ರ ಕೊಡುವ ದುಡ್ಡಲ್ಲಿ ಕನಿಷ್ಠ 30% ಸಣ್ಣ ರೈತರಿಂದಲೇ ಖರೀದಿ ಮಾಡ್ಬೇಕು ಅಂತ 2009ರಲ್ಲೇ ಕಾನೂನು ಮಾಡಿದ್ರು. ನಮ್ಮ ಪಿಎಂ ಪೋಷಣ್‌ನಲ್ಲಿ, ಅಂದ್ರೆ ಹಳೇ ಮಧ್ಯಾಹ್ನದೂಟದ ಸ್ಕೀಮಿಗೆ 2021ರಲ್ಲಿ ಹೊಸ ಹೆಸರಿಟ್ಟಾಗ, ಸ್ಥಳೀಯ ಬೆಳೆ ಬಳಸಿ, ರೈತರ ಕಂಪೆನಿಗಳನ್ನೂ ಮಹಿಳಾ ಸ್ವಸಹಾಯ ಸಂಘಗಳನ್ನೂ ಸೇರಿಸಿಕೊಳ್ಳಿ ಅಂತ ಹೇಳಿದ್ದಾರೆ. ಹೇಳಿದ್ದು ಮಾತ್ರ, ಅದಕ್ಕೆ ಅಂತ ಬೇರೆ ದುಡ್ಡು ತೆಗೆದಿಟ್ಟಿಲ್ಲ.

ಹಾಗಾದ್ರೆ ಇರುವ ದುಡ್ಡು ಯಾವುದು ನೋಡುವ. ಅಕ್ಕಿ ಫ್ರೀ ಬರ್ತದೆ, ಕೇಂದ್ರದ ಆಹಾರ ನಿಗಮ ಎಫ್‌ಸಿಐಯದ್ದು. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಇಷ್ಟಕ್ಕೂ ಸೇರಿ ಒಂದು ಮಗುವಿಗೆ ಒಂದು ದಿನಕ್ಕೆ ಐದನೇ ಕ್ಲಾಸಿನವರೆಗೆ 6.78 ರೂಪಾಯಿ, ಆರರಿಂದ ಎಂಟರವರೆಗೆ 10.17. ಇದು 2025 ಮೇ 1ರಿಂದ ಬಂದ ರೇಟು, ಕೇಂದ್ರದ್ದು 60 ಪಾಲು, ರಾಜ್ಯದ್ದು 40. ತರಕಾರಿ ಸಣ್ಣ ಮಕ್ಕಳಿಗೆ 50 ಗ್ರಾಂ, ದೊಡ್ಡವರಿಗೆ 75 ಗ್ರಾಂ ಅಂತ ಲೆಕ್ಕ. ಐದರವರೆಗೆ 60 ಮಕ್ಕಳು, ಆರು ಏಳರಲ್ಲಿ 40 ಮಕ್ಕಳು ಇರುವ ಶಾಲೆ ಅಂತ ಇಟ್ಕೊಳ್ಳಿ, ದಿನಕ್ಕೆ 6 ಕೆಜಿ ತರಕಾರಿ ಬೇಕು, ಒಟ್ಟು ಕೈಗೆ ಬರುದು 813 ರೂಪಾಯಿ 60 ಪೈಸೆ, ಇದ್ರಲ್ಲೇ ಗ್ಯಾಸೂ ಆಗ್ಬೇಕು. ಊರಿನ ತರಕಾರಿ ತೆಗೊಳ್ಳುದಿದ್ರೆ ಈ ದುಡ್ಡಲ್ಲೇ, ಅದಕ್ಕೆ ಯಾವ ಅರ್ಜಿಯೂ ಬೇಡ, ಶಾಲೆಯ ನೂನ್ ಮೀಲ್ (ಮಧ್ಯಾಹ್ನದೂಟ) ಕಮಿಟಿ ಕೂತು ತೀರ್ಮಾನ ಮಾಡಿದ್ರೆ ಸಾಕು.

ಗ್ರಾಂಟ್ ಅಂತ ಹೇಳಬಹುದಾದ್ದು ಶಾಲೆ ತೋಟಕ್ಕೆ, ಒಂದು ಶಾಲೆಗೆ 5,000 ರೂಪಾಯಿ. 2019ರ ಗೈಡ್‌ಲೈನಲ್ಲಿ ಜಾಗ ಇಲ್ಲದಿದ್ರೆ ಟೆರೇಸಲ್ಲಿ, ಡಬ್ಬದಲ್ಲಿ ಕೂಡ ಬೆಳೆಸಬಹುದು ಅಂತ ಉಂಟು. ನೀವು ದಿಲ್ಲಿಗೆ ಬರೆಯುದಲ್ಲ, ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಲ್ಲಿ ನೂನ್ ಮೀಲ್ ಆಫೀಸರ್ ಇರ್ತಾರೆ, ಈ ವರ್ಷದ ಪಟ್ಟಿಯಲ್ಲಿ ನಮ್ಮ ಶಾಲೆ ಉಂಟಾ ಅಂತ ಅಲ್ಲಿ ಕೇಳಿ. ಸರ್ಕ್ಯುಲರ್ ಬರುದು ಮಲಯಾಳದಲ್ಲಿ, ಓದಿ ಹೇಳುವವರೊಬ್ರನ್ನ ಜೊತೆಗೆ ಕರ್ಕೊಂಡು ಹೋಗಿ. ಬೀಜ, ಗಿಡಕ್ಕೆ ಕೃಷಿಭವನ, ಅಂದ್ರೆ ಪಂಚಾಯತಿನ ಕೃಷಿ ಆಫೀಸು. ಸಿಪಿಸಿಆರ್‌ಐ (ಕೇಂದ್ರದ ತೋಟದ ಬೆಳೆ ಸಂಶೋಧನಾ ಸಂಸ್ಥೆ) ಕೆಳಗೆ ಕೃಷಿ ವಿಜ್ಞಾನ ಕೇಂದ್ರವೂ ಕಾಸರಗೋಡಲ್ಲೇ ಉಂಟು. ಬೇಲಿ, ನೀರಿನ ಟ್ಯಾಂಕು ಅಂತ ದೊಡ್ಡ ಖರ್ಚಿದ್ರೆ ಪಂಚಾಯತಿನ ಪ್ಲಾನ್ ಫಂಡ್, ಆದ್ರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ ಪ್ರಾಜೆಕ್ಟಾಗಿ ಬರೆಸ್ಬೇಕು, ಅದು ಜಿಲ್ಲಾ ಯೋಜನಾ ಸಮಿತಿಯಲ್ಲಿ ಪಾಸಾಗ್ಬೇಕು, ಈ ವರ್ಷ ಹೇಳಿದ್ದು ಬರುವ ವರ್ಷಕ್ಕೆ ಆದ್ರೆ ಪುಣ್ಯ.

ಒಂದು ಮಾತು, ಶಾಲೆ ತೋಟದಿಂದಲೇ ಊಟ ಆಗ್ತದೆ ಅಂತ ಅಂದ್ಕೊಳ್ಬೇಡಿ. ದಿನಕ್ಕೆ 6 ಕೆಜಿ ಅಂದ್ರೆ ತಿಂಗಳಿಗೆ 120 ಕೆಜಿ ಹತ್ರ ಆಯ್ತು. ನಮ್ಮ ಶಾಲೆಯ ನಾಲ್ಕು ಸಾಲು ಬೆಂಡೆಯಲ್ಲಿ ಹಂದಿ ಬಿಟ್ಟದ್ದು, ನವಿಲು ಬಿಟ್ಟದ್ದು ಸೇರಿಸಿ ವಾರಕ್ಕೊಂದು ಸಾಂಬಾರಿಗೆ ಆಗ್ತಿತ್ತು. ತೋಟ ಮಕ್ಕಳಿಗೆ ಕಲೀಲಿಕ್ಕೆ ಒಳ್ಳೇದು, ಪಾತ್ರೆ ತುಂಬಿಸ್ಲಿಕ್ಕೆ ನೆರೆಕರೆಯವ್ರೇ ಬೇಕು.

ನೆರೆಕರೆಯಿಂದ ತೆಗೊಳ್ಳುವಾಗ ನಾವು ಸಿಕ್ಕಿಬಿದ್ದದ್ದು ಬಿಲ್ಲಿನ ವಿಷಯದಲ್ಲಿ. ಶಾಲೆ ಹಿಂದಿನ ಮನೆಯ ಅಕ್ಕ ಒಬ್ರು ಬೆಳಿಗ್ಗೆ ಬುಟ್ಟಿಯಲ್ಲಿ ಅಲಸಂಡೆ ತಂದ್ರು, ಇನ್ನೂ ನೀರಿನ ಹನಿ ಇತ್ತು ಅದ್ರ ಮೇಲೆ, ತೂಕ ಎಲ್ಲ ಆಯ್ತು, ಹೆಡ್‌ಮಾಷ್ಟ್ರು ಬಿಲ್ಲು ಕೇಳಿದ್ರು, "ಬಿಲ್ಲಾ? ನಾನೆಂತ ಅಂಗಡಿ ಇಟ್ಟಿದ್ದೇನಾ ಮಾಷ್ಟ್ರೇ" ಅಂತ ಅಕ್ಕನಿಗೆ ನಗು. ಆಮೇಲೆ ಒಂದು ಪುಸ್ತಕ ಇಟ್ಟು ತಾರೀಕು, ತೂಕ, ರೇಟು ಬರೆದು ಸಹಿ ತೆಗೊಳ್ಳುದು ಅಂತ ಮಾಡಿದ್ವಿ. ನೀವು ಶುರು ಮಾಡುವ ಮೊದ್ಲೇ ಯಾವ ರೀತಿಯ ರಶೀದಿ ಆಗ್ತದೆ ಅಂತ ನೂನ್ ಮೀಲ್ ಆಫೀಸರ ಹತ್ರ ಕೇಳಿಟ್ಕೊಳ್ಳಿ, ಆಡಿಟ್ ಬಂದಾಗ ತಲೆಬಿಸಿ ಬೇಡ. ಇನ್ನು ದುಡ್ಡು ತಡ ಆಗುದು. 2023ರಲ್ಲಿ ಅಧ್ಯಾಪಕರ ಸಂಘಟನೆ ಇದೇ ವಿಷಯಕ್ಕೆ ಹೈಕೋರ್ಟಿಗೆ ಹೋಗಿತ್ತು, ಹೆಡ್‌ಮಾಷ್ಟ್ರುಗಳು ಕೈಯಿಂದ ಹಾಕಿ ನಡೆಸಿದ್ದು. ಅಂಗಡಿಯವ್ರು ಎರಡು ತಿಂಗಳು ಸಾಲ ಕೊಟ್ಟಾರು, ಅಲಸಂಡೆ ತಂದ ಅಕ್ಕನಿಗೆ ಅದೇ ವಾರ ಕೊಡ್ಬೇಕು. ಅದಕ್ಕೆ ಪಿಟಿಎಯಿಂದ ಸಣ್ಣದೊಂದು ಮೊತ್ತ ಬದಿಗಿಟ್ಟು ಮೊದ್ಲು ಅದ್ರಿಂದ ಕೊಡುದು, ಶಾಲೆ ದುಡ್ಡು ಬಂದ ಮೇಲೆ ವಾಪಸ್ ತುಂಬುದು, ನಮ್ಮಲ್ಲಿ ನಡೆದದ್ದು ಹೀಗೇ.

ಊಟ ದಾನ ಕೊಡುದಕ್ಕೂ ಸ್ಕೀಮಲ್ಲಿ ಜಾಗ ಉಂಟು, ಹೆಸರು ತಿಥಿ ಭೋಜನ! ಗುಜರಾತಿಂದ ಬಂದ ಹೆಸರಂತೆ, ಮಗನ ಬರ್ತ್‌ಡೇಗೆ ತಿಥಿ ಊಟ ಹಾಕಿಸಿ ಅಂತ ನಮ್ಮೂರಲ್ಲಿ ಹೇಳಿ ನೋಡಿ. ನಾವು ಹೆಸರು ಹೇಳದೆ ಬಾಳೆಗೊನೆ ತೆಗೊಂಡದ್ದು.

ಕಾಲ ನೋಡಿ ಪಟ್ಟಿ ಮಾಡಿ. ಹಲಸು, ಮಾವು ಭರ್ತಿ ಇರುವಾಗ ಶಾಲೆಗೆ ರಜೆ, ಗುಜ್ಜೆ (ಎಳೆ ಹಲಸು) ಮಾತ್ರ ಫೆಬ್ರವರಿ ಮಾರ್ಚಿಗೆ ಸಿಗ್ತದೆ. ಜೂನ್ ಜುಲೈಯ ಮಳೆಗೆ ಬೇಸಿಗೆಯ ಸೌತೆ, ಬಾಳೆನಾರಲ್ಲಿ ಕಟ್ಟಿ ನೇತು ಹಾಕಿದ್ದು ಎಷ್ಟು ಮನೇಲಿ ಉಂಟು ಅಂತ ಮೇಯಲ್ಲೇ ಕೇಳಿಟ್ಕೊಳ್ಳಿ. ಮತ್ತೆ ಅಡುಗೆಯಕ್ಕನನ್ನ ಕೇಳದೆ ಏನೂ ಫಿಕ್ಸ್ ಮಾಡ್ಬೇಡಿ. ನಾವು ಉತ್ಸಾಹದಲ್ಲಿ 6 ಕೆಜಿ ಹರಿವೆ ತಂದಿಟ್ಟ ದಿನ ಅವ್ರು ಒಬ್ರೇ ಕೂತು ಮಣ್ಣು ತೊಳೆದು ಸೊಪ್ಪು ಬಿಡಿಸಿ ಹೆಚ್ಚುವಾಗ ಹನ್ನೊಂದೂವರೆ ದಾಟಿತ್ತು, ಈಗ ಹರಿವೆ ಇದ್ರೆ ಎರಡು ಜನ ತಾಯಂದಿರು ಒಂಬತ್ತಕ್ಕೇ ಬರ್ತಾರೆ, ಇಲ್ಲದ ದಿನ ಸೌತೆಯೇ.