ಬಿಸಿಲುಕೋಲಿನಲ್ಲಿ ಕಂಡ ಹೊಟ್ಟು: ಮರಗೆಲಸದ ಶೆಡ್ಡಿನ ದೂಳು ಮತ್ತು ಸದ್ದು

ದಾವಣಗೆರೆಯಲ್ಲಿ ನಾನು ಮರಗೆಲಸ ಕಲಿಯುತ್ತಿರುವ ಶೆಡ್ಡಿಗೆ ತಗಡಿನ ಮಾಡು. ಅದರಲ್ಲೊಂದು ಹಳೆಯ ಮೊಳೆಯ ತೂತು. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅಲ್ಲಿಂದ ಒಂದು ಬಿಸಿಲುಕೋಲು ಮರವನ್ನು ಉಜ್ಜಿ ನಯ ಮಾಡುವ ಸ್ಯಾಂಡಿಂಗ್ ಮೆಷಿನ್ನಿನ ಪಕ್ಕಕ್ಕೆ ಇಳಿಯುತ್ತದೆ. ಒಂದು ದಿನ ಮೆಷಿನ್ ನಿಲ್ಲಿಸಿ, ಹೊಟ್ಟು ಗುಡಿಸಿ, ಎಲ್ಲ ಚೊಕ್ಕಟವಾಯಿತೆಂದು ಮಾಸ್ಕ್ ತೆಗೆದೆ. ಬಿಸಿಲುಕೋಲಿನೊಳಗೆ ಪುಡಿ ಇನ್ನೂ ತೇಲುತ್ತಿತ್ತು. ಹತ್ತು ನಿಮಿಷ ಕಳೆದರೂ ತೇಲುತ್ತಲೇ ಇತ್ತು.

ಕಾರಣ ಇದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೀಸುಳಿಯಿಂದ ಬರುವ ಸುರುಳಿ, ಕೈಗರಗಸದ ದಪ್ಪ ಹೊಟ್ಟು ಕೂಡಲೇ ನೆಲ ಸೇರುತ್ತವೆ. ಸ್ಯಾಂಡಿಂಗ್‌ನಲ್ಲಿ ಏಳುವ 10 ಮೈಕ್ರಾನ್ ಕಣ ಹಾಗಲ್ಲ. ಅಲುಗಾಡದ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಇಳಿಯುತ್ತದೆ. ತಲೆಯ ಮಟ್ಟದಿಂದ ನೆಲಕ್ಕೆ ಬರಲು ಒಂಬತ್ತು ಹತ್ತು ನಿಮಿಷ ಬೇಕು. 5 ಮೈಕ್ರಾನ್ ಕಣಕ್ಕೆ ಅರ್ಧ ಗಂಟೆಗೂ ಹೆಚ್ಚು. ಏಪ್ರಿಲ್‌ನ ಸೆಕೆಗೆ ನಾವು ಫ್ಯಾನ್ ಹಾಕಿಕೊಳ್ಳುತ್ತೇವಲ್ಲ, ಆಗ ಅದು ಇಳಿಯುವ ಮಾತೇ ಇಲ್ಲ. ಕಣ್ಣಿಗೆ ಕಾಣುವ ಹೊಟ್ಟು ಬಟ್ಟೆಗೆ ಅಂಟುತ್ತದೆ, ಸ್ವಲ್ಪ ದೊಡ್ಡ ಕಣಗಳು ಮೂಗಿನಲ್ಲಿ ನಿಲ್ಲುತ್ತವೆ, ಅತಿ ಸಣ್ಣವು ಶ್ವಾಸಕೋಶದ ಆಳಕ್ಕೆ ಹೋಗುತ್ತವೆ.

ಮೂಗಿನಲ್ಲಿ ನಿಂತದ್ದನ್ನೂ ಹಗುರವಾಗಿ ಕಾಣಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ಮೂಗು ಮತ್ತು ಅದರ ಅಕ್ಕಪಕ್ಕದ ಕುಹರಗಳ ಕ್ಯಾನ್ಸರ್ ಇದು. ಗಟ್ಟಿ ಮರಗಳ ದೂಳಿನೊಂದಿಗೆ ಇದರ ನಂಟು ಹೆಚ್ಚು. ತೇಗ, ಬೀಟೆಯ ಪುಡಿಯಿಂದ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ. ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ದೂಳು ಬಹಳ ಸಣ್ಣ, ಅದರಲ್ಲಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಸೇರಿದ ಅಂಟೂ ಇರುತ್ತದೆ. ‘ಇದು ಬರೀ ಮರ, ಕೆಮಿಕಲ್ ಅಲ್ಲವಲ್ಲ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಹಾಗಾದರೆ ಮಾಸ್ಕ್ ಹಾಕಿದರೆ ಸಾಕೇ? ಮಾಸ್ಕ್ ಬೇಕು, ಬಟ್ಟೆಯದಲ್ಲ, ಸಣ್ಣ ಕಣಗಳನ್ನು ಸೋಸುವ ಎನ್95 ಅಥವಾ ಎಫ್‌ಎಫ್‌ಪಿ2. ಆದರೆ ಅದು ಕೊನೆಯ ಅಸ್ತ್ರ. ಮೊದಲು ದೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು. 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಕೂಡ, ದೂಳು ಹೀರುವ ಸಾಧನವನ್ನು ಅದು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರ ಇಡಬೇಕೆಂದು ಹೇಳಿತು. ಎಷ್ಟು ಹತ್ತಿರ? ದೀಪವನ್ನು ಊದಿ ಆರಿಸಬಹುದು, ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಲಾಗುವುದಿಲ್ಲ. ಹೀರುವ ಕೊಳವೆಯೂ ಹೀಗೆಯೇ: 4 ಇಂಚಿನ ಬಾಯಿಯಿಂದ 4 ಇಂಚು ದೂರ ಸರಿದರೆ ಗಾಳಿಯ ಎಳೆತ ಸುಮಾರು ಹತ್ತನೇ ಒಂದು ಪಾಲಿಗೆ ಕುಸಿಯುತ್ತದೆ. ಬಾಯಿಯ ಮುಂದೆ ನೂಲಿನ ಎಳೆಯೊಂದನ್ನು ಹಿಡಿದು ನಿಧಾನವಾಗಿ ಹಿಂದಕ್ಕೆ ಸರಿಸಿ ನೋಡಿ, ಲೆಕ್ಕ ತಾನಾಗಿ ತಿಳಿಯುತ್ತದೆ. ನಮ್ಮಲ್ಲಿ ಕೊಳವೆ ಗರಗಸದ ಮೆಷಿನ್ನಿನಿಂದ ಒಂದು ಗೇಣು ದೂರದಲ್ಲಿ ನೇತಾಡುತ್ತಿತ್ತು. ತಗಡು ಬಗ್ಗಿಸಿ ಬಾಯಿಯನ್ನು ಬ್ಲೇಡಿನ ಪಕ್ಕಕ್ಕೇ ತಂದೆವು. ಹೊಸ ಯಂತ್ರಕ್ಕೆ ಒಂದು ರೂಪಾಯಿ ಕೊಡದೆ ಆದ ಬದಲಾವಣೆ ಅದು.

ಏರ್ ಗನ್ನಿನಿಂದ ಮೈಗೆ, ಮೇಜಿಗೆ ಗಾಳಿ ಹೊಡೆದು ಚೊಕ್ಕಟ ಮಾಡುವ ಅಭ್ಯಾಸವನ್ನಂತೂ ಬಿಡಲೇಬೇಕು; ನೆಲಕ್ಕಿಳಿದ ಪುಡಿಯನ್ನು ಮತ್ತೆ ಮೂಗಿನ ಮಟ್ಟಕ್ಕೆ ಎಬ್ಬಿಸುವ ಕೆಲಸ ಅದು. ವ್ಯಾಕ್ಯೂಮ್ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಬ್ಬಿಣ ಉಜ್ಜುವ ಗ್ರೈಂಡರ್ ಹೊಟ್ಟಿನ ರಾಶಿಯ ಹತ್ತಿರ ಬೇಡ, ಬೆಂಕಿ ಹತ್ತಲು ಒಂದು ಕಿಡಿ ಸಾಕು.

ಇನ್ನು ಸದ್ದು. ನಮ್ಮ ಅಜ್ಜ ಇದೇ ಊರಿನ ಹತ್ತಿ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿ ದುಡಿದವರು. ಊಟ ಬಡಿಸುವಾಗ ನಾವು ‘ಸಾಕು’ ಎಂದರೆ ಅವರಿಗೆ ‘ಹಾಕು’ ಎಂದು ಕೇಳಿಸುತ್ತಿತ್ತು. ಪ್ರೀತಿಯಿಂದ ಇನ್ನೊಂದು ಸೌಟು ಸುರಿಯುತ್ತಿದ್ದರು. ಇದು ಮುಪ್ಪಿನ ಕಿವುಡು ಎಂದೇ ಮನೆಯವರೆಲ್ಲ ತಿಳಿದಿದ್ದೆವು. ಓದಿದ ಮೇಲೆ ತಿಳಿಯಿತು: ಯಂತ್ರದ ಸದ್ದು ಮೊದಲು ಕಸಿಯುವುದು 4,000 ಹರ್ಟ್ಜ್ (ಸೆಕೆಂಡಿಗೆ 4,000 ಕಂಪನ) ಸುತ್ತಮುತ್ತಲಿನ ಕೇಳ್ಮೆಯನ್ನು. ಸ, ಶ, ಚ ಅಕ್ಷರಗಳ ಮೊನಚು ಇರುವುದು ಈ ಎತ್ತರದ ದನಿಯಲ್ಲೇ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಒಳಗಿವಿಯ ಕೂದಲ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಸದ್ದನ್ನು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ ನಾನು ಮೊದಲು ಎಡವಿದೆ. 90 ಡೆಸಿಬಲ್‌ನ ಎರಡು ಮೆಷಿನ್ ಸೇರಿದರೆ 180 ಅಲ್ಲ, 93. ಪ್ರತಿ 3 ಡೆಸಿಬಲ್‌ಗೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಹಾಗಾಗಿ ಕಿವಿ ತಾಳುವ ಹೊತ್ತು ಅರ್ಧಕ್ಕಿಳಿಯುತ್ತದೆ: 85ಕ್ಕೆ 8 ಗಂಟೆ, 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ 15 ನಿಮಿಷ. 1948ರ ಕಾಯ್ದೆಯಡಿಯ ಕಾರ್ಖಾನೆ ನಿಯಮಗಳು 8 ಗಂಟೆಗೆ 90ರವರೆಗೆ ಬಿಟ್ಟಿದ್ದವು. ನನ್ನ ಮಟ್ಟಿಗೆ 85ನ್ನೇ ಗೆರೆ ಎಂದು ಇಟ್ಟುಕೊಳ್ಳುವುದು ಲೇಸು. ಮೀಟರ್ ಇಲ್ಲದಿದ್ದರೆ ಗುರುತು ಹೀಗೆ: ಒಂದು ತೋಳಿನ ದೂರದಲ್ಲಿ ನಿಂತವರೊಂದಿಗೆ ದನಿ ಎತ್ತರಿಸಿ ಮಾತನಾಡಬೇಕಾದರೆ ಗೆರೆ ದಾಟಿದೆ.

ಇಲ್ಲೂ ಮೊದಲ ಮದ್ದು ಹುಟ್ಟಿದಲ್ಲೇ. ಬ್ಲೇಡಿನ ಹರಿತವಾದ ಹಲ್ಲು ಕತ್ತರಿಸುತ್ತದೆ, ಮೊಂಡಾದದ್ದು ಉಜ್ಜುತ್ತದೆ. ಉಜ್ಜಿದರೆ ಸದ್ದೂ ಹೆಚ್ಚು, ಪುಡಿಯೂ ಸಣ್ಣ. ಬ್ಲೇಡನ್ನು ಸಾಣೆಗೆ ಕಳಿಸುವ ಖರ್ಚಿಗೆ ಎರಡು ಫಲವಿದೆ. ಮೆಷಿನ್ನಿನ ಕಾಲಡಿಗೆ ರಬ್ಬರ್ ಇಡಿ, ಗಡಗಡ ಎನ್ನುವ ತಗಡನ್ನು ಬಿಗಿಯಿರಿ, ಕಂಪ್ರೆಸರನ್ನು ಗೋಡೆಯ ಆಚೆಗೆ ಸಾಗಿಸಿ.

ಉಳಿದದ್ದಕ್ಕೆ ಇಯರ್ ಪ್ಲಗ್. ದಿನದ ಅರ್ಧ ಹೊತ್ತು ತೆಗೆದಿಟ್ಟರೆ, ಅದು ಎಷ್ಟೇ ಒಳ್ಳೆಯದಿರಲಿ, ಒಟ್ಟು ಲಾಭ 3 ಡೆಸಿಬಲ್ ಮಾತ್ರ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ. ಅದು ಉಬ್ಬುವ ತನಕ, ಅಂದರೆ 20ರಿಂದ 30 ಸೆಕೆಂಡ್, ಬೆರಳಿನಿಂದ ಒತ್ತಿ ಹಿಡಿದಿರಿ. ಕೈಗೆ ಹೊಟ್ಟು ಮೆತ್ತಿದ್ದರೆ ಮೊದಲು ತೊಳೆದುಕೊಳ್ಳಿ.